ಗೋಡೆಯವರು ಇಟ್ಟ ಹೆಸರು

ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಕರೆಯುವುದಕ್ಕೆ ಹೋಗುವವಳು ನಾನು. ಅಚ್ಚು ಹಾಕಿಸಿದ ಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಬಂದರೆ ಇಲ್ಲಿನವರು ಕದಲುವುದಿಲ್ಲ. ಹೊಸ್ತಿಲ ಮುಂದೆ ನಿಂತು, ಕುಂಕುಮದ ಬಟ್ಟಲು ಹಿಡಿದು, ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟೂ ಜನರನ್ನು ಹೆಸರು ಹಿಡಿದು ಕರೆಯಬೇಕು. ತೊಟ್ಟಿಲ ಕೂಸಿನ ಹೆಸರು ಬಿಟ್ಟರೂ ಆ ಮನೆಯಿಂದ ಒಬ್ಬರೂ ಊಟಕ್ಕೆ ಏಳುವುದಿಲ್ಲ. ಸಾವಿರದ ನೂರು ಮನೆಗಳ ಹೆಸರುಗಳು ನನ್ನ ನಾಲಿಗೆಯ ತುದಿಯಲ್ಲಿವೆ. ಕರೆಯೋ ಸಾಕಮ್ಮ ಎಂದರೆ ಊರಿಗೆಲ್ಲ ಗೊತ್ತು. ಬಾಯಿಬಡುಕಿ ಎನ್ನುವವರೂ ಇದ್ದಾರೆ. ಅವರ ಮನೆಯವರ ಹೆಸರುಗಳೂ ನನಗೆ ಬಾಯಿಪಾಠ, ಅದು ಬೇರೆ ಮಾತು.

ನನ್ನ ಮನೆ ಇರುವುದು ಗೋಡೆ ಬೀದಿಯಲ್ಲಿ. ಬೀದಿಯ ಒಂದು ಕಡೆ ಮನೆಗಳು, ನಾಲ್ಕೈದು ಅಂಗಡಿಗಳು. ಎದುರುಗಡೆ ಉದ್ದಕ್ಕೂ ಎರಡಾಳೆತ್ತರದ ಸುಣ್ಣದ ಗೋಡೆ. ಯಾರು ಕಟ್ಟಿಸಿದರೋ, ಏನನ್ನು ಕಾಯುವುದಕ್ಕೆ ಕಟ್ಟಿಸಿದರೋ ತಿಳಿದವರಿಲ್ಲ. ಅದರ ಆಚೆ ಬರೀ ಕಲ್ಲು, ಮುಳ್ಳುಪೊದೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ನಮ್ಮ ಮನೆಗಳ ಮೇಲಿನಿಂದ ಬಾಗಿ ಗೋಡೆಗೆ ಬೀಳುತ್ತದೆ. ಆಗ ಅವರು ಬರುತ್ತಾರೆ. ಬೀದಿಯಲ್ಲಿ ಯಾರೂ ನಡೆಯದಿದ್ದರೂ ಗೋಡೆಯ ಮೇಲೆ ನೆರಳುಗಳು ನಡೆಯುತ್ತಿರುತ್ತವೆ. ಕೊಡ ಹೊತ್ತ ಹೆಂಗಸರು, ಕುಕ್ಕರಗಾಲಲ್ಲಿ ಕೂತ ಗಂಡಸರು, ಒಬ್ಬರ ಹಿಂದೊಬ್ಬರು ಓಡುವ ಮಕ್ಕಳು. ಇಡೀ ಹೊತ್ತು ಕೈಗಳಲ್ಲೇ ಮಾತಾಡಿಕೊಳ್ಳುತ್ತಾರೆ. ಐದೂವರೆಗೆ ನಮ್ಮ ಮನೆಗಳ ನೆರಳು ಗೋಡೆ ಹತ್ತಿ ಅವರನ್ನು ಮುಚ್ಚಿಬಿಡುತ್ತದೆ. ಅಲ್ಲಿಗೆ ಆ ದಿನ ಮುಗಿಯಿತು, ನಾವು ದೀಪ ಹಚ್ಚುತ್ತೇವೆ.

ಇದರ ಜೊತೆ ಬಾಳುವುದು ಕಷ್ಟವೇನಲ್ಲ. ಆ ಹೊತ್ತಿನಲ್ಲಿ ಗೋಡೆಗೆ ಕೈ ಕಾಣಿಸಬಾರದು, ಅಷ್ಟೆ. ಗಂಡಸರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಾರೆ, ನಾವು ಸೆರಗಿನೊಳಗೆ ಇಟ್ಟುಕೊಳ್ಳುತ್ತೇವೆ. ನಮಸ್ಕಾರವನ್ನು ಗದ್ದದಲ್ಲೇ ಮುಗಿಸುತ್ತೇವೆ. ಕಡಲೆಪುರಿ ಅಂಗಡಿಯ ಓಬಳಯ್ಯ ಸೇರಿನಲ್ಲಿ ಅಳೆಯುವುದನ್ನು ಹಲಗೆಯ ಕೆಳಗೆ ಮಾಡುತ್ತಾನೆ. ಅದರಿಂದ ಸೇರಿಗೆ ಒಂದು ಹಿಡಿ ಕಡಿಮೆ ಬೀಳುತ್ತದೆ ಎಂದು ನನಗೆ ಬಹಳ ದಿನದ ಅನುಮಾನ. ಚಿಕ್ಕ ಮಕ್ಕಳಿಗೆ ಹೇಳಿದರೆ ತಿಳಿಯುವುದಿಲ್ಲವಲ್ಲ, ಅವರಿಗೆ ತೋಳುಚೀಲ ಹಾಕುತ್ತೇವೆ. ಅಂದರೆ ಅಂಗಿಯ ತೋಳನ್ನು ಬೆರಳಿಗಿಂತ ಗೇಣುದ್ದ ಬಿಟ್ಟು, ತುದಿಯನ್ನು ಹೊಲಿದುಬಿಡುವುದು. ಯಾಕೆಂದರೆ ಕೈ ಕಾಣಿಸಿದರೆ ಅವರು ಮಾತಾಡಿಸುತ್ತಾರೆ. ಮಾತಿಗೆ ಮಾತು ಬೆಳೆಸಿದವರ ನೆರಳು ದಿನದಿನಕ್ಕೆ ತೆಳ್ಳಗಾಗುತ್ತದೆ. ಒಂದು ಸಂಜೆ ಗೋಡೆಯ ಬುಡದಲ್ಲಿ ಚಪ್ಪಲಿ ಮಾತ್ರ ಉಳಿದಿರುತ್ತದೆ, ಮರುದಿನ ಗೋಡೆಯ ಮೇಲೆ ಒಬ್ಬರು ಹೆಚ್ಚಾಗಿರುತ್ತಾರೆ. ನನಗೆ ತಿಳಿದ ಮಟ್ಟಿಗೆ ಮೂವರು ಹಾಗೆ ಹೋದರು. ಮೂವರಿಗೂ ಕಿವಿ ಕೇಳುತ್ತಿರಲಿಲ್ಲ. ಅದೇಕೆ ಹಾಗೆ ಎಂದು ನಾನಾಗಲಿ ಊರಾಗಲಿ ಯೋಚಿಸಿದ್ದಿಲ್ಲ.

ನನ್ನ ಮಗ ರೇಣುಕಪ್ಪ ಊರಿಗೆ ನೀರು ಬಿಡುವ ಕೆಲಸದವನು, ಸೊಸೆ ವಿಶಾಲು. ಅವರಿಗೆ ಒಬ್ಬಳೇ ಮಗಳು, ತಾರಿಣಿ. ಎರಡು ವರ್ಷ ತುಂಬಿದರೂ ಆ ಮಗು ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬೆನ್ನ ಹಿಂದೆ ಹಿತ್ತಾಳೆ ತಟ್ಟೆ ಬಡಿದೆವು, ಆಡುತ್ತಿದ್ದ ಗೋಲಿಯನ್ನೇ ನೋಡುತ್ತ ಕೂತಿತ್ತು. ದೊಡ್ಡ ಊರಿನ ಡಾಕ್ಟರ ಹತ್ತಿರ ಹೋದೆವು. ಅವರು ಕಿವಿಗೆ ಒಂದು ಮಿಷನ್ನು ಹಾಕಿ, ದಿನವೂ ಬಾಯಿಂದಲೇ ಮಾತು ಕಲಿಸಿ, ಕೈಸನ್ನೆ ಮಾತ್ರ ಮಾಡಬೇಡಿ, ಅದು ರೂಢಿಯಾದರೆ ಮಗು ಮಾತಿಗೆ ಸೋಮಾರಿಯಾಗುತ್ತದೆ ಎಂದರು. ಕೈ ಆಡಿಸಬೇಡಿ ಎನ್ನುವುದನ್ನು ನಮ್ಮೂರಿನವರಿಗೆ ಹೇಳಿಕೊಡಬೇಕೆ? ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಆ ಮಾತು ನಮಗೆ ಸರಿಹೋಯಿತು. ಉಳಿದ ಮಕ್ಕಳಿಗೆ ಮೂರರಿಂದ ಐದೂವರೆವರೆಗೆ ತೋಳುಚೀಲವಾದರೆ ನಮ್ಮ ತಾರಿಣಿಗೆ ಎದ್ದಾಗಿನಿಂದ ಮಲಗುವವರೆಗೆ. ಹೊಲಿದವಳು ನಾನೇ. ಎರಡೆಳೆ ದಾರ ಹಾಕಿ ಗಟ್ಟಿಯಾಗಿ ಹೊಲಿದೆ.

ನಾಲ್ಕು ವರ್ಷ ಅವಳ ಗದ್ದ ಹಿಡಿದು ನನ್ನ ಬಾಯಿ ನೋಡುವಂತೆ ಮಾಡಿ ಹೇಳಿಕೊಟ್ಟೆ. ಅಮ್ಮ ಎನ್ನುವುದು ಹೇಗೋ ಬಂತು. ಅಜ್ಜಿ ಬರಲೇ ಇಲ್ಲ. ಮಿಷನ್ನು ಅವಳ ಕಿವಿಯಲ್ಲಿ ಏನು ಹೇಳುತ್ತಿತ್ತೋ, ಒಂದು ದಿನ ಅದು ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು. ಮೊದಮೊದಲು ಕಚ್ಚುತ್ತಿದ್ದಳು, ಪರಚಲು ಆಗದೆ ತಲೆಯಿಂದ ಗುದ್ದುತ್ತಿದ್ದಳು. ಆರು ತುಂಬುವ ಹೊತ್ತಿಗೆ ತಣ್ಣಗಾದಳು. ಹಠವಿಲ್ಲ, ಅಳುವಿಲ್ಲ. ಮಧ್ಯಾಹ್ನ ಕಿಟಕಿಯ ಹತ್ತಿರ ಕೂತರೆ ಐದೂವರೆವರೆಗೆ ಏಳುತ್ತಿರಲಿಲ್ಲ. ಮಗು ದಾರಿಗೆ ಬಂತು ಎಂದು ನಾವು ಹಿಗ್ಗಿದೆವು. ಆ ಹಿಗ್ಗನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮೊದಲು ಕಂಡವಳು ವಿಶಾಲು. ಒಂದು ಮಟಮಟ ಮಧ್ಯಾಹ್ನ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಒಳಗೆ ಬಂದು, ತಗ್ಗಿದ ದನಿಯಲ್ಲಿ, "ಅತ್ತೆ, ಒಂದ್ನಿಮಿಷ ಬನ್ನಿ" ಎಂದಳು. ಅಂಗಳದಲ್ಲಿ ಹಗ್ಗದ ನೆರಳಿತ್ತು, ಬಕೆಟ್ಟಿನ ನೆರಳಿತ್ತು. ತಾರಿಣಿಯ ಕಾಲ ಬಳಿ ಇದ್ದದ್ದು ಮಾತ್ರ ನೀರು ಹೆಚ್ಚಾದ ಮಜ್ಜಿಗೆಯ ಹಾಗೆ ತೆಳ್ಳಗಿತ್ತು. ಇಬ್ಬರೂ ಸೇರಿ ಅವಳನ್ನು ಒಳಗೆ ಕರೆತಂದೆವು.

ಆ ದಿನ ಮೂರು ಗಂಟೆಗೆ ಅವಳ ಹಿಂದೆ ನಿಂತು ನಾನೂ ಕಿಟಕಿಯಿಂದ ನೋಡಿದೆ. ಅಷ್ಟು ವರ್ಷ ಅದೇ ಬೀದಿಯಲ್ಲಿದ್ದರೂ ಗೋಡೆಯನ್ನು ನೆಟ್ಟ ನೋಟದಿಂದ ನೋಡಿದ್ದು ಅದೇ ಮೊದಲು. ತುರುಬು ಕಟ್ಟಿದ ಒಂದು ಹೆಂಗಸಿನ ನೆರಳು ಬಂದು ನಮ್ಮ ಮನೆಯ ಎದುರಿಗೆ ನಿಂತಿತು. ತೋರುಬೆರಳನ್ನು ಹುಬ್ಬಿಗೆ ಎರಡು ಸಲ ತಟ್ಟಿ, ಅಂಗೈಯನ್ನು ಬಿಚ್ಚಿತು. ತಾರಿಣಿ ಎದ್ದು ಸರಳುಗಳಿಗೆ ಅಂಟಿಕೊಂಡಳು. ಅವಳ ಎಡ ಹುಬ್ಬನ್ನು ಕತ್ತರಿಸಿದ ಹಾಗೆ ಒಂದು ಗಾಯದ ಗುರುತಿದೆ, ನಡೆಯುವುದು ಕಲಿಯುವಾಗ ಒರಳುಕಲ್ಲಿನ ಮೇಲೆ ಬಿದ್ದದ್ದು. ಆ ನೆರಳು ಮತ್ತೆ ಹುಬ್ಬು ತಟ್ಟಿತು. ಅವಳು ಮುಖವೆಲ್ಲ ಅರಳಿಸಿದಳು. ಹೊಲಿದ ತೋಳುಗಳ ಒಳಗೆ ಅವಳ ಬೆರಳುಗಳು ಚೀಲದಲ್ಲಿ ಕಟ್ಟಿದ ಬೆಕ್ಕಿನಮರಿಗಳಂತೆ ಒದ್ದಾಡತೊಡಗಿದವು. ಗೋಡೆಯ ಮೇಲಿನವಳು ಅದನ್ನೇ ನೋಡಿ ತಲೆಯಾಡಿಸುತ್ತ ಉತ್ತರ ಕೊಡುತ್ತಿದ್ದಳು. ಅವರು ನನ್ನ ಮೊಮ್ಮಗಳಿಗೆ ಹೆಸರಿಟ್ಟಿದ್ದರು. ಆ ಹೆಸರಿಗೆ ಅವಳು ತಿರುಗುತ್ತಿದ್ದಳು. ಸಾವಿರದ ನೂರು ಮನೆ ಕರೆಯುವ ನಾನು ಆರು ವರ್ಷ ಕರೆದಿದ್ದ ಹೆಸರು ಅವಳನ್ನು ಮುಟ್ಟಿಯೇ ಇರಲಿಲ್ಲ.

ರೇಣು ಕೇಳಿದ ತಕ್ಷಣ ಸುತ್ತಿಗೆ ತಂದು ಕಿಟಕಿಗೆ ಹಲಗೆ ಬಡಿದ. ಮೂರು ದಿನ ತಾರಿಣಿ ಅನ್ನ ಮುಟ್ಟಲಿಲ್ಲ. ಹಲಗೆಯ ಮುಂದೆ ಮಲಗಿ, ಸಂದಿಯಿಂದ ಬರುವ ಬೆಳಕಿನ ಗೆರೆಗೆ ತೋಳು ಒಡ್ಡುತ್ತಿದ್ದಳು. ನಾಲ್ಕನೆಯ ದಿನ ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ನೆರಳು ಇನ್ನೂ ತೆಳ್ಳಗಾಗಿತ್ತು. ಗೋಡೆ ಕಾಣಿಸದಿದ್ದರೂ ಕರಗುತ್ತಿದೆ ಎಂದರೆ ನಾವು ತಪ್ಪು ಕಡೆ ಮೊಳೆ ಹೊಡೆದಿದ್ದೇವೆ ಎಂದು ನನಗೆ ಅನ್ನಿಸಿತು. ಆದರೆ ಸರಿಯಾದ ಕಡೆ ಯಾವುದು ಎಂದು ಗೊತ್ತಿರಲಿಲ್ಲ. ಅವಳನ್ನು ಬಿಟ್ಟಿರಲು ಭಯವಾಗಿ, ಮರುದಿನ ರಾಗಿ ಬೀಸಿಸಲು ಹೋಗುವಾಗ ಜೊತೆಗೇ ಕರೆದುಕೊಂಡು ಹೋದೆ.

ರಾಗಿ ಮಿಷನ್ನು ಇರುವುದು ಊರಿನ ಪಡುವಣ ತುದಿಯಲ್ಲಿ. ಅಲ್ಲಿಗೆ ಗೋಡೆ ಕಾಣುವುದಿಲ್ಲ. ಅದನ್ನು ನಡೆಸುವವಳು ಜುಲೇಖಾ, ನಲವತ್ತರ ಆಸುಪಾಸಿನವಳು, ಹುಟ್ಟಿದಾಗಿನಿಂದ ಕಿವಿ ಕೇಳದು. ಅವಳ ಅಪ್ಪ ಅವಳನ್ನು ಆರನೇ ವಯಸ್ಸಿಗೇ ದೂರದ ಯಾವುದೋ ಶಹರದಲ್ಲಿ ಕಿವುಡು ಮಕ್ಕಳ ಶಾಲೆಯಲ್ಲಿ ಬಿಟ್ಟಿದ್ದ. ಕೂಸನ್ನು ಪರದೇಶಿ ಮಾಡಿದ ಎಂದು ಅವನನ್ನು ಬೈದವರಲ್ಲಿ ನಾನೇ ಮೊದಲನೆಯವಳು. ಅವಳು ಓದು ಬರಹ ಕಲಿತು ಬಂದು ಅಪ್ಪನ ಮಿಷನ್ನು ಹಿಡಿದಳು. ಅದರ ಸದ್ದಿನಲ್ಲಿ ಕಿವಿ ಇದ್ದವರಿಗೂ ಏನೂ ಕೇಳುವುದಿಲ್ಲವಾದ್ದರಿಂದ ಅಲ್ಲಿ ಎಲ್ಲರೂ ಸನ್ನೆಯನ್ನೇ ಮಾಡುತ್ತಿದ್ದೆವು. ಒಂದು ಬೆರಳೆಂದರೆ ತರಿ, ಎರಡೆಂದರೆ ನುಣ್ಣಗೆ. ಅದನ್ನು ಮಾತು ಎಂದು ನಾವು ಯಾರೂ ಎಣಿಸಿರಲಿಲ್ಲ.

ಜುಲೇಖಾ ತಾರಿಣಿಯ ತೋಳುಗಳನ್ನು ನೋಡಿದಳು. ಬೆಲ್ಟು ನಿಲ್ಲಿಸಿದಳು. ಮೂಟೆಯ ಹುರಿ ಕತ್ತರಿಸುವ ಚಾಕು ತಂದು, ನನ್ನನ್ನು ಕೇಳುವ ಗೋಜಿಗೂ ಹೋಗದೆ, ನನ್ನ ಎರಡೆಳೆ ದಾರವನ್ನು ಕಿತ್ತಳು. ಹೊರಗೆ ಬಂದ ಕೈಗಳು ನೀರಲ್ಲಿ ನೆನೆದ ಹಾಗೆ ಬಿಳಿಚಿ ಸುಕ್ಕಾಗಿದ್ದವು. ಮಗು ಅವನ್ನು ತಿರುಗಿಸಿ ನೋಡಿಕೊಂಡಿತು. ಆಮೇಲೆ ಒಮ್ಮೆಗೇ ಮಾತಾಡತೊಡಗಿತು. ಎಷ್ಟು ಬೇಗ, ಎಷ್ಟು ಹೊತ್ತು. ಜುಲೇಖಾ ಮೊದಲು ನಕ್ಕಳು, ಆಮೇಲೆ ನಗು ನಿಂತಿತು. ಹಿಟ್ಟು ಹರಡಿದ್ದ ತಗಡಿನ ಮೇಲೆ ಬೆರಳಿನಿಂದ ಬರೆದಳು. "ಯಾರು ಕಲಿಸಿದ್ದು? ಇದು ಬಹಳ ಹಳೇ ಮಾತು. ನಮ್ಮ ಶಾಲೇಲಿ ಒಬ್ಬ ಮುದುಕ ಕಾವಲುಗಾರ ಹಿಂಗೆ ಮಾತಾಡ್ತಿದ್ದ."

ನಾನು ಗೋಡೆಯ ದಿಕ್ಕಿಗೆ ಗದ್ದ ತೋರಿಸಿದೆ. ಅವಳು ತಗಡನ್ನು ಕೈಯಿಂದ ಸವರಿ ಅಳಿಸಿ ಮತ್ತೆ ಬರೆದಳು. ನಾನು ಅಕ್ಷರ ಕೂಡಿಸಿ ಓದಿದೆ. "ಗೋಡೆಗೆ ಸುಣ್ಣ ಬಳಿದ ದಿನ ಹೋಗ್ತಾಳಂತೆ. ಹೊಸ ಸುಣ್ಣದಲ್ಲಿ ಬಾಗಿಲು ಕಾಣುತ್ತಂತೆ. ಅಲ್ಲಿ ಎಲ್ರಿಗೂ ಮಾತು ಬರುತ್ತಂತೆ. ಮನೇಲಿ ಯಾರಿಗೂ ಮಾತು ಬರಲ್ವಂತೆ." ಅಷ್ಟು ಬರೆದು ನನ್ನ ಮುಖ ನೋಡಿದಳು. ಆಮೇಲೆ ಇನ್ನೊಂದು ಸಾಲು ಬರೆದಳು. "ಅಜ್ಜಿ ಯಾವಾಗ್ಲೂ ಬಾಯಲ್ಲಿ ಏನೋ ಅಗೀತಾ ಇರ್ತಾಳೆ, ನನಗೆ ಒಂಚೂರೂ ಕೊಡಲ್ಲ ಅಂತಿದಾಳೆ."

ನಾನು ರಾಗಿ ಮೂಟೆಯ ಮೇಲೆ ಕೂತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆರು ವರ್ಷ ಆ ಮಗುವಿಗೆ ನಾನು ಹೇಳಿದ ಕಥೆಗಳೆಷ್ಟು, ಲಾಲಿಗಳೆಷ್ಟು. ಅವಳು ಅಷ್ಟೂ ಹೊತ್ತು ನನ್ನ ಬಾಯಿಂದ ಒಂದು ತುತ್ತು ಬಂದೀತೆಂದು ಕಾದು ಕೂತಿದ್ದಳು.

ವರ್ಷಕ್ಕೊಮ್ಮೆ ಗೋಡೆಗೆ ಬಳಿಸುವ ಸುಣ್ಣಕ್ಕೆ ಹತ್ತು ದಿನವಿತ್ತು. ಮೊದಲು ಹೋಗಿ ಓಬಳಯ್ಯನನ್ನು ಕೇಳಿಕೊಂಡೆ, ಬೀದಿಯ ಹಿರಿಯ ಅವನೇ, ಸುಣ್ಣ ಬಳಿಸುವವನೂ ಅವನೇ. "ಈ ವರ್ಷ ಒಂದು ತಿಂಗ್ಳು ತಡ ಮಾಡಪ್ಪ" ಎಂದೆ. ಅವನು ಪುರಿ ಜರಡಿಯಾಡುತ್ತಲೇ ಹೇಳಿದ: "ನನ್ನ ಕೈಯಾಗೇನೈತೆ ಸಾಕಕ್ಕ. ನಮ್ಮಪ್ಪನ ಕಾಲದಾಗೆ ಒಂದ್ಸಲ ತಡ ಆಯ್ತಂತೆ. ಗೋಡೆ ಮಾಸಿದ್ಕೂಡ್ಲೆ ಅವ್ರು ನಮ್ ಮನೆ ಗೋಡೆಗಳ ಮ್ಯಾಲೆ ಬಂದ್ ಕೂತ್ರಂತೆ. ಒಂದು ಮಗೀಗೋಸ್ಕರ ಇಡೀ ಬೀದೀನ ಬಿಡಕ್ಕಾಗ್ತದಾ?" ಅವನು ಕೇಳಿದ್ದು ತಪ್ಪೇನಲ್ಲ. ನನ್ನ ಮನೆಯದಲ್ಲದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಹಾಗಾಗಿ ವಿಶಾಲು, ನಾನು, ತಾರಿಣಿ ಮೂವರೂ ದಿನವೂ ಬೆಳಿಗ್ಗೆ ಮಿಷನ್ನಿಗೆ ಹೋಗತೊಡಗಿದೆವು. ಜುಲೇಖಾ ಕಲಿಸುವ ರೀತಿ ಕಟ್ಟುನಿಟ್ಟು. ನಾನು ಕೈ ಆಡಿಸುವಾಗ ಬಾಯಿಯೂ ಆಡುತ್ತಿತ್ತು, ಬಾಯಿ ಆಡಿದರೆ ಕೈ ನಿಲ್ಲುತ್ತಿತ್ತು. ಎರಡು ದಿನ ನೋಡಿ ಅವಳು ಒಂದು ಚೊಂಬು ನೀರು ತಂದಿಟ್ಟಳು. ಬಾಯಿ ತುಂಬ ನೀರು ಹಿಡಿದುಕೊಂಡೇ ಪಾಠಕ್ಕೆ ಕೂರಬೇಕು. ನುಂಗಿದರೆ ಮತ್ತೆ ತುಂಬಿಸುತ್ತಿದ್ದಳು. ಅರವತ್ತೆಂಟು ವರ್ಷದಲ್ಲಿ ನನ್ನ ಬಾಯಿಗೆ ಬೀಗ ಹಾಕಿದವಳು ಅವಳೊಬ್ಬಳೇ, ನನ್ನ ಗಂಡನಿಂದಲೂ ಆಗಿರಲಿಲ್ಲ. ವಿಶಾಲುವಿಗೆ ಬೇಗ ಹತ್ತಿತು. ನನ್ನ ಬೆರಳುಗಳು ಗಂಟುಗಟ್ಟಿದ್ದವು. ನಾನು ಹಾಲು ಬೇಕಾ ಎಂದು ಕೇಳಿದ್ದು ತಾರಿಣಿಗೆ ಇನ್ನೇನೋ ಆಗಿ ಕಂಡು, ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ನಗುವಿಗೆ ಸದ್ದಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಐದನೆಯ ದಿನ ತಾರಿಣಿ ನನ್ನ ಕೆನ್ನೆ ಒತ್ತಿ ನೀರು ಉಗುಳಿಸಿ ಬಾಯೊಳಗೆ ನೋಡಿದಳು. ಏನು ಅಗಿಯುತ್ತೀಯ ಎಂದು ಕೇಳಿದಳು. ಅದು ಅಗಿಯುವುದಲ್ಲ, ಮಾತು, ನಾವು ಬಾಯಲ್ಲಿ ಮಾತಾಡುತ್ತೇವೆ ಎಂದು ಜುಲೇಖಾ ತಿಳಿಸಿದಳು. ಎಲ್ಲರೂ? ಎಲ್ಲರೂ. ತಾರಿಣಿ ಹಿಟ್ಟಿನಲ್ಲಿ ಒಂದು ಗೆರೆ ಎಳೆದಳು. ಆಮೇಲೆ ತಲೆಯೆತ್ತಿ ಕೇಳಿದಳು: ಹಾಗಾದರೆ ನನ್ನ ಹತ್ತಿರ ಯಾಕೆ ಯಾರೂ ಬರಲಿಲ್ಲ? ವಿಶಾಲು ಎದ್ದು ಹೊರಗೆ ಹೋದಳು. ನನಗೆ ಆ ಪ್ರಶ್ನೆ ಅರ್ಥವಾಗುವಷ್ಟು ಮಾತು ಬಂದಿತ್ತು, ಉತ್ತರ ಕೊಡುವಷ್ಟು ಬಂದಿರಲಿಲ್ಲ.

ರೇಣು ಮಾತ್ರ ಬರಲಿಲ್ಲ. ನೀರು ಬಿಡಲು ಬೀದಿ ಬೀದಿ ಅಲೆಯುವವನು, ಎಲ್ಲರ ಬಾಯಿಗೂ ಬೀಳುವವನು. "ನಿಮ್ಮನೇಲಿ ಹೆಂಗಸ್ರೆಲ್ಲ ಕೈ ಬಿಚ್ಚಿದಾರಂತೆ ಅಂತ ಕೇಳ್ತಾರಮ್ಮ. ನಾನೇನಂತ ಹೇಳ್ಲಿ?" ಎಂದು ಅಲವತ್ತುಕೊಂಡ. ಆ ವಾರ ನನಗೂ ಎರಡು ಮದುವೆ ಮನೆಯವರು ಕರೆಯುವ ಕೆಲಸ ತಪ್ಪಿಸಿದರು. ನೆರಳು ಏನೂ ದಟ್ಟವಾಗಿರಲಿಲ್ಲ. ಮೊದಲಿಗಿಂತ ಕರಗಿರಲಿಲ್ಲ, ಅಷ್ಟೆ. ಮಧ್ಯಾಹ್ನ ಅವಳು ಹಲಗೆಯ ಸಂದಿಯ ಹತ್ತಿರ ಕೂರುವುದನ್ನು ಬಿಟ್ಟಿರಲೂ ಇಲ್ಲ. ಹತ್ತು ದಿನದಲ್ಲಿ ನಾವು ಕಲಿತದ್ದು ಅನ್ನ, ನೀರು, ನಿದ್ದೆ, ನೋವು, ಬಾ, ಬೇಡ, ಯಾಕೆ. ಗೋಡೆಯವರು ಅವಳಿಗೆ ಏನೇನು ಹೇಳಿರಬಹುದು ಎಂದು ಯೋಚಿಸುತ್ತ ನಾನು ಕಲಿತಷ್ಟನ್ನೇ ಮತ್ತೆ ಮತ್ತೆ ಕೈಯಲ್ಲಿ ಆಡಿಸಿಕೊಳ್ಳುತ್ತಿದ್ದೆ. ಅವಳನ್ನು ಕೋಣೆಯಲ್ಲಿ ಹಾಕಿ ಬೀಗ ಹಾಕಿದರೆ ಹೇಗೆ ಎಂದು ಕೊನೆಯ ದಿನ ಜುಲೇಖಾಳನ್ನು ಕೇಳಿದೆ. ಅವಳು ತಗಡಿನ ಮೇಲೆ ಬರೆದಳು: "ಕೂಡಿ ಹಾಕಿದ್ರೆ ಅಲ್ಲಿಂದ್ಲೇ ಹೋಗ್ತಾಳೆ. ಬಾಗಿಲು ತೆಗೆದಿಡಿ. ಕರೀರಿ."

ಬೆಳಿಗ್ಗೆ ಸುಣ್ಣ ಬಳಿದು ಮುಗಿಸಿದರು. ಮೂರು ಗಂಟೆಗೆ ಬಿಸಿಲು ಬಿದ್ದಾಗ ಗೋಡೆ ಕಣ್ಣು ಕುಕ್ಕುತ್ತಿತ್ತು. ನಾವು ಬಾಗಿಲು ತೆರೆದೇ ಇಟ್ಟಿದ್ದೆವು. ತಾರಿಣಿ ತಲೆ ಬಾಚಿಸಿಕೊಂಡು, ಚಪ್ಪಲಿ ಹಾಕಿಕೊಂಡು, ನೆಂಟರ ಮನೆಗೆ ಹೊರಟವಳಂತೆ ಹೊಸ್ತಿಲು ದಾಟಿದಳು. ವಿಶಾಲು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೀದಿಯಲ್ಲಿ ನಲವತ್ತು ಜನವಾದರೂ ಇದ್ದರು, ಎಲ್ಲರೂ ಕೈಗಳನ್ನು ಕಂಕುಳಲ್ಲಿ, ಸೆರಗಿನಲ್ಲಿ ಇಟ್ಟುಕೊಂಡು ಮನೆಗಳ ಕಡೆ ಒತ್ತಿ ನಿಂತಿದ್ದರು. ಗೋಡೆಯ ಮೇಲೆ ಆ ದಿನ ಯಾರೂ ನಡೆಯುತ್ತಿರಲಿಲ್ಲ. ತುದಿಯಿಂದ ತುದಿಯವರೆಗೆ ಸಾಲಾಗಿ ನಿಂತಿದ್ದರು, ಎಲ್ಲ ಕೈಗಳೂ ಸುಮ್ಮನಿದ್ದವು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಅದರ ಪಕ್ಕದಲ್ಲಿ ಆ ತುರುಬಿನವಳು. ಹುಬ್ಬು ತಟ್ಟಿದಳು. ತಾರಿಣಿ ಚಪ್ಪಲಿ ಬಿಟ್ಟು ಜೋಡಿಸಿ ಇಟ್ಟಳು. ಅವಳ ಕಾಲ ಬಳಿ ನೆರಳೇ ಇರಲಿಲ್ಲ.

ನಾನು ಸೆರಗಿನಿಂದ ಕೈ ತೆಗೆದೆ. ಬೀದಿಯಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಬೀದಿಯ ನಡುವೆ ಹೋಗಿ, ಮಗುವಿಗೆ ಕಾಣುವ ಹಾಗೆ ಪಕ್ಕಕ್ಕೆ ನಿಂತು, ನನ್ನ ಹುಬ್ಬು ಎರಡು ಸಲ ತಟ್ಟಿ ಅಂಗೈ ಬಿಚ್ಚಿದೆ. ಅವಳು ತಿರುಗಿದಳು. ಬಾ ಎಂದೆ. ಮನೆಗೆ ಎಂದೆ. ನನಗೆ ನೋವು ಎಂದೆ. ಅದಕ್ಕಿಂತ ಹೆಚ್ಚು ನನಗೆ ಬರುತ್ತಿರಲಿಲ್ಲ. ವಿಶಾಲು ಓಡಿಬಂದು ನನ್ನ ಪಕ್ಕ ನಿಂತು ಅದನ್ನೇ ನನಗಿಂತ ಚೆನ್ನಾಗಿ ಹೇಳಿದಳು. ತಾರಿಣಿ ನಮ್ಮನ್ನು ನೋಡಿದಳು, ಗೋಡೆಯನ್ನು ನೋಡಿದಳು, ಎಲ್ಲೂ ಹೋಗದೆ ನಿಂತಳು.

ಆಗ ತುರುಬಿನವಳು ನನ್ನ ಕಡೆ ತಿರುಗಿದಳು. ನೆರಳಿಗೆ ಮುಖವಿಲ್ಲ, ಆದರೂ ನನ್ನನ್ನೇ ನೋಡುತ್ತಿದ್ದಳು. ಅವಳು ಕೈಯಾಡಿಸಿದಳು, ಚಿಕ್ಕ ಮಗುವಿಗೆ ಹೇಳುವಷ್ಟು ನಿಧಾನವಾಗಿ. ನನಗೆ ಅರ್ಥವಾಯಿತು. ಇವಳ ಹತ್ತಿರ ಮಾತಾಡುವವರು ಎಷ್ಟು ಜನ, ಎಂದು ಕೇಳಿದಳು. ನಾನು, ವಿಶಾಲು, ಜುಲೇಖಾ. ಮೂರು ಬೆರಳು ತೋರಿಸಿದೆ. ಅವಳು ತನ್ನ ಮೂರು ಬೆರಳನ್ನು ಎತ್ತಿ, ಮನೆಗಳ ಕಡೆ ಒತ್ತಿ ನಿಂತಿದ್ದ ಜನರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿಸಿದಳು. ಇಷ್ಟು ಜನರಲ್ಲಿ ಬರೀ ಮೂರಾ, ಎಂದು. ನಾನು ತಲೆ ತಗ್ಗಿಸಿದೆ. ಸುಳ್ಳು ಹೇಳುವಷ್ಟು ಕೈಮಾತು ನನಗೆ ಬರುತ್ತಿರಲಿಲ್ಲ, ಬಂದಿದ್ದರೆ ಹೇಳುತ್ತಿದ್ದೆ. ಅವಳು ತಾರಿಣಿಯ ಕಡೆ ಕೈ ಚಾಚಿದಳು.

ಆಗ ರೇಣು ಬಂದ. ನೀರಿನ ಕೊಳಾಯಿ ತಿರುಗಿಸುವ ಉದ್ದನೆಯ ಕೀಲಿ ಅವನ ಹೆಗಲ ಮೇಲಿತ್ತು, ಅದನ್ನು ಬೀದಿಯಲ್ಲೇ ಬಿಸಾಡಿದ. ಅವನಿಗೆ ಬರುತ್ತಿದ್ದದ್ದು ಒಂದೇ ಒಂದು. ದಿನವೂ ಮಿಷನ್ನಿನ ಬಾಗಿಲವರೆಗೆ ಬಂದು, ಒಳಗೆ ಬರಲು ನಾಚಿ, ಅಷ್ಟನ್ನು ನೋಡಿಕೊಂಡು ಹೋಗಿದ್ದನಂತೆ. ಹುಬ್ಬು ತಟ್ಟಿದ. ಮತ್ತೆ ತಟ್ಟಿದ. ಅಂಗೈ ಬಿಚ್ಚುವುದನ್ನು ಮರೆತು, ಅಳುತ್ತ, ಹುಬ್ಬನ್ನೇ ತಟ್ಟಿಕೊಳ್ಳುತ್ತಿದ್ದ. ಅಪ್ಪ ಅವಳನ್ನು ಕರೆದದ್ದು ಅದೇ ಮೊದಲು. ತಾರಿಣಿ ಅವನ ಹತ್ತಿರ ನಡೆದುಹೋಗಿ, ಅವನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಿಮಾಡಿದಳು. ಹೀಗೆ, ಎಂದು ತೋರಿಸಿಕೊಟ್ಟಳು. ಅವಳ ಕಾಲ ಕೆಳಗೆ ಮಣ್ಣು ಸ್ವಲ್ಪ ಕಪ್ಪಾಯಿತು.

ತುರುಬಿನವಳು ಹಿಂದೆ ಸರಿದಳು. ಹೋಗುವ ಮೊದಲು ನನಗೆ ನಾಲ್ಕು ಬೆರಳು ತೋರಿಸಿದಳು, ಆಮೇಲೆ ನಾಳೆ ಎಂದಳು. ನಾಳೆ ಮತ್ತೆ ಎಣಿಸುತ್ತೇನೆ ಎಂದು. ಅವಳು ಯಾರು, ಯಾವ ಮನೆಯವಳು ಎಂದು ನಾನು ಕೇಳಲಿಲ್ಲ. ಅವಳು ಹೇಳಿಬಿಟ್ಟರೆ ಎಂದು ಭಯವಾಯಿತು.

ಮರುದಿನದಿಂದ ನಾನು ಮನೆ ಮನೆ ಹತ್ತಿದೆ. ಕುಂಕುಮದ ಬಟ್ಟಲು ಹಿಡಿದು, ಪ್ರತಿಯೊಬ್ಬರನ್ನೂ ಹೆಸರು ಹಿಡಿದು, ರಾಗಿ ಮಿಷನ್ನಿಗೆ ಬನ್ನಿ, ದಿನಕ್ಕೆ ಅರ್ಧ ಗಂಟೆ ಸಾಕು ಎಂದು ಕರೆದೆ. ಬಾಗಿಲು ಹಾಕಿಕೊಂಡವರು ಹಾಕಿಕೊಂಡರು. ಎರಡು ಸಂಸಾರ ಬೀದಿ ಬಿಟ್ಟು ಹೋದವು. ಬಂದವರಲ್ಲಿ ಅರ್ಧ ಜನ ಜುಲೇಖಾಳ ಚೊಂಬಿನ ನೀರಿಗೆ ಹೆದರಿ ವಾಪಸಾದರು. ಆದರೂ ಒಬ್ಬೊಬ್ಬರಾಗಿ ಉಳಿದರು. ದಿನವೂ ಮೂರು ಗಂಟೆಗೆ ಗೋಡೆಯ ಮುಂದೆ ಕೈ ಹೊರಗಿಟ್ಟು ನಿಲ್ಲುತ್ತೇವೆ, ಅವಳು ಎಣಿಸುತ್ತಾಳೆ. ಜನ ಕಡಿಮೆಯಾದ ದಿನ ತಾರಿಣಿಯ ನೆರಳು ಬಿಳಿಚುತ್ತದೆ, ಅವತ್ತು ನಾನು ಮತ್ತೆ ಬಟ್ಟಲು ಹಿಡಿದು ಹೊರಡುತ್ತೇನೆ. ನನ್ನ ನೆರಳಿಗೇನೂ ಆಗಿಲ್ಲ, ನನ್ನಷ್ಟೇ ದಪ್ಪಗಿದೆ.

ನಿನ್ನೆ ಮೂವತ್ತೊಂದು ಜನರಾದೆವು. ಓಬಳಯ್ಯನೂ ಇದ್ದ, ಗೊಣಗುತ್ತ. ತುರುಬಿನವಳು ಎಣಿಸಿ ಮುಗಿಸಿದಳು. ಎಂದಿನಂತೆ ನಾಳೆ ಎನ್ನಲಿಲ್ಲ. ಹಿಂದೆ ತಿರುಗಿ ಸಾಲಿನಿಂದ ಒಂದು ಪುಟ್ಟ ನೆರಳನ್ನು ಮುಂದಕ್ಕೆ ಕರೆದಳು, ನಾಲ್ಕೈದು ವರ್ಷದ ಮಗುವಿನಷ್ಟು ಎತ್ತರದ್ದು. ಬೆನ್ನಿಗೆ ಕೈಯಿಟ್ಟು ನಮ್ಮ ಕಡೆ ಮೆಲ್ಲಗೆ ತಳ್ಳಿದಳು. ಅದು ಗೋಡೆಯಿಂದ ಇಳಿಯಿತು. ಬುಡದ ಚರಂಡಿಕಲ್ಲು ದಾಟಿ, ಬೀದಿಯ ಮಣ್ಣಿನ ಮೇಲೆ ಹರಿದು ಬಂದು, ನಮ್ಮೆಲ್ಲರ ಕಾಲುಗಳ ಮುಂದೆ ನಿಂತಿತು. ಅದರ ಮೇಲೆ ಯಾರೂ ಇರಲಿಲ್ಲ. ಮೂವತ್ತೊಂದು ಜನರಲ್ಲಿ ಒಬ್ಬರೂ ಅಲುಗಾಡಲಿಲ್ಲ. ಯಾವ ಕಾಲದಲ್ಲಿ, ಯಾರ ಮನೆಯಿಂದ ಹೋದ ಮಗುವೋ ಏನೋ.

ತಾರಿಣಿ ನನ್ನ ಸೆರಗು ಎಳೆದಳು. ನಾನು ಮೊಣಕಾಲೂರಿ ಕೂತು, ಕೈಯಲ್ಲಿ, ನಿನ್ನ ಹೆಸರೇನು ಎಂದು ಕೇಳಿದೆ. ಅದು ಹೇಳಿತು. ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳು ಎಂದೆ.